ವೇಬರ್ನ್ ಆಸ್ಪತ್ರೆಯ ಟವೆಲ್ಲುಗಳು

ನಾವಿರುವ ರಿಜೈನಾ ನಗರದಿಂದ ಆಗ್ನೇಯಕ್ಕೆ ಸುಮಾರು 115 ಕಿಲೋಮೀಟರು ಹೋದರೆ ವೇಬರ್ನ್ ಎಂಬ ಊರು ಸಿಗುತ್ತದೆ. ದಾರಿಯುದ್ದಕ್ಕೂ ಗೋಧಿ, ಕನೋಲಾ, ಅಗಸೆಯ ಹೊಲಗಳು. ಕೆನಡಾದ ಸಸ್ಕಾಚುವಾನ್ ಪ್ರಾಂತ್ಯದ ಈ ಬಯಲು ನಮ್ಮ ಮಂಡ್ಯದ ಕಡೆಯವರಿಗೆ ಮೊದಮೊದಲು ಅಷ್ಟಾಗಿ ಹಿಡಿಸುವುದಿಲ್ಲ. ಒಂದು ಗುಡ್ಡವಿಲ್ಲ, ಒಂದು ತೆಂಗಿನಮರವಿಲ್ಲ, ಕಣ್ಣಿಗೆ ತಡೆಯೇ ಇಲ್ಲ. ಆ ಊರಿನಲ್ಲಿ 1921ರಲ್ಲಿ ಒಂದು ಮಾನಸಿಕ ಆಸ್ಪತ್ರೆ ಶುರುವಾಯಿತು. ಒಂದು ಕಾಲಕ್ಕೆ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಬಂದವರಲ್ಲಿ ಬಹಳ ಜನ ಮತ್ತೆ ಮನೆಗೆ ಹೋಗಲಿಲ್ಲ. 2009ರಲ್ಲಿ ಆ ಕಟ್ಟಡವನ್ನು ಕೆಡವಿದರು.

ಅಲ್ಲಿ ನೋಡುವಂಥದ್ದು ಏನೂ ಉಳಿದಿಲ್ಲ ಎಂದು ಗೊತ್ತಿದ್ದೂ ಒಂದು ಬೇಸಿಗೆ ರಜೆಯಲ್ಲಿ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಕಾರಣ ಇಷ್ಟೆ. ನನ್ನ ಮಗನಿಗೆ ಆಟಿಸಂ ಇದೆ. ಅವನ ಬಾಲ್ಯದ ನಾಲ್ಕು ವರ್ಷಗಳನ್ನು ‘ಎ.ಬಿ.ಎ.’ ಎಂಬ ಮೂರಕ್ಷರದ ಚಿಕಿತ್ಸೆ ತುಂಬಿಕೊಂಡಿತ್ತು. ಕನ್ನಡದಲ್ಲಿ ಆನ್ವಯಿಕ ವರ್ತನಾ ವಿಶ್ಲೇಷಣೆ ಎನ್ನಬಹುದು. ಅದರ ಬೇರು ಹುಡುಕುತ್ತಾ ಓದುತ್ತಾ ಹೋದಾಗ ಒಂದು ಬೇರು ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲೇ ಇದೆ ಎಂದು ತಿಳಿಯಿತು. ಸಾವಿರಾರು ಮನೆಗಳ ಮಕ್ಕಳ ದಿನಚರಿಯನ್ನು ಇವತ್ತು ನಿರ್ಧರಿಸುತ್ತಿರುವ ವಿದ್ಯೆ ಇದು. ಅಮೆರಿಕ, ಕೆನಡಾದ ನಮ್ಮ ಕನ್ನಡ ಸಂಘಗಳಲ್ಲಿ ಯುಗಾದಿ ಊಟದ ಸಾಲಿನಲ್ಲಿ ತಾಯಂದಿರು ದನಿ ತಗ್ಗಿಸಿ ಈ ಮೂರಕ್ಷರವನ್ನು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಬೆಂಗಳೂರು, ಮೈಸೂರಿನಿಂದಲೂ ಗೆಳತಿಯರು ಫೋನು ಮಾಡಿ ಕೇಳುತ್ತಾರೆ. ಅದು ಎಲ್ಲಿಂದ ಬಂತು, ಬರುವ ದಾರಿಯಲ್ಲಿ ಏನೇನಾಯಿತು ಎಂದು ತಿಳಿದರೆ ಕೇಳಬೇಕಾದ ಪ್ರಶ್ನೆ ಯಾವುದೆಂದೂ ತಿಳಿಯುತ್ತದೆ.

*

ಮೂಲ ತತ್ವಗಳು ನನಗೆ ಹೊಸತಾಗಿರಲಿಲ್ಲ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಗೆ ಮೂರು ಪ್ರಾಣಿಗಳು ಕಡ್ಡಾಯವಾಗಿದ್ದವು: ಥಾರ್ನ್‌ಡೈಕನ ಬೆಕ್ಕು, ಪಾವ್ಲೋವನ ನಾಯಿ, ಸ್ಕಿನ್ನರನ ಇಲಿ. ಹತ್ತು ಅಂಕದ ಪ್ರಶ್ನೆ ಬಂದೇ ಬರುತ್ತದೆಂದು ನಾವೆಲ್ಲ ಚಿತ್ರಸಮೇತ ಬಾಯಿಪಾಠ ಮಾಡಿದ್ದೆವು. ಆ ಪ್ರಾಣಿಗಳು ಮುಂದೆ ನಮ್ಮ ಮನೆಗೇ ಬರುತ್ತವೆಂದು ಆಗ ಗೊತ್ತಿರಲಿಲ್ಲ.

ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಹಾಕಿ ಹೊರಗೆ ತಿನಿಸು ಇಡುತ್ತಿದ್ದ. ಬೆಕ್ಕು ಪರಚಿ, ಕಚ್ಚಿ, ಒದ್ದಾಡಿ, ಆಕಸ್ಮಿಕವಾಗಿ ಅಗುಳಿಯನ್ನು ತೆಗೆಯುತ್ತಿತ್ತು. ಮುಂದಿನ ಸಲ ಇನ್ನೂ ಸ್ವಲ್ಪ ಬೇಗ, ಅದರ ಮುಂದಿನ ಸಲ ಇನ್ನೂ ಬೇಗ. ಇದನ್ನು ಅವನು 1898ರಲ್ಲಿ ಪ್ರಕಟಿಸಿದ. ಒಳ್ಳೆಯ ಫಲ ಕೊಟ್ಟ ಕ್ರಿಯೆ ಬೇರೂರುತ್ತದೆ, ಕೊಡದ ಕ್ರಿಯೆ ಸೊರಗುತ್ತದೆ ಎನ್ನುವ ಅವನ ‘ಪರಿಣಾಮ ನಿಯಮ’ವೇ ಮುಂದಿನದಕ್ಕೆಲ್ಲ ಅಡಿಗಲ್ಲು. ನಮ್ಮ ಅಜ್ಜಿಯರು ಇದನ್ನು ಇನ್ನೂ ಚಿಕ್ಕದಾಗಿ ಹೇಳುತ್ತಿದ್ದರು: ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು.

ಸ್ಕಿನ್ನರ್ ಹುಟ್ಟಿದ್ದು 1904ರಲ್ಲಿ, ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಲ್ಲಿ. ಕಾದಂಬರಿಕಾರನಾಗಬೇಕೆಂದು ಹೊರಟು, ಬರೆಯಲು ಏನೂ ಇಲ್ಲವೆಂದು ಕೈಚೆಲ್ಲಿ ಹಾರ್ವರ್ಡಿಗೆ ಹೋಗಿ ಮನೋವಿಜ್ಞಾನಿಯಾದವನು. ಇಲಿ ಸನ್ನೆಕೋಲು ಒತ್ತಿದರೆ ಆಹಾರದ ಗುಳಿಗೆ ಬೀಳುವ ಪೆಟ್ಟಿಗೆ ಅವನದು. ಈ ಫಲ ಸಿಕ್ಕಿ ಕ್ರಿಯೆ ಬಲವಾಗುವುದಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ‘ಪುನರ್ಬಲನ’ ಎಂಬ ಹೆಸರಿತ್ತು. ಆ ಗುಳಿಗೆಗಳನ್ನು ಅವನು ಕೈಯಾರೆ ತಯಾರಿಸಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ನೋಡಿದರೆ ಸೋಮವಾರ ಬೆಳಿಗ್ಗೆಯ ಹೊತ್ತಿಗೆ ದಾಸ್ತಾನು ಮುಗಿಯುವ ಹಾಗಿತ್ತು. ರಜೆಯ ದಿನ ಯಂತ್ರದ ಮುಂದೆ ಕೂರಲು ಮನಸ್ಸಿಲ್ಲದೆ, ಪ್ರತಿ ಒತ್ತಿಗೂ ಗುಳಿಗೆ ಕೊಡುವ ಬದಲು ನಿಮಿಷಕ್ಕೆ ಒಂದರಂತೆ ಕೊಟ್ಟು ನೋಡಿದ. ಇಲಿ ಒತ್ತುವುದನ್ನು ಬಿಡಲಿಲ್ಲ. ಯಾವಾಗಲೋ ಒಮ್ಮೆ ಸಿಗುವ ಫಲ ಪ್ರತಿಸಲವೂ ಸಿಗುವ ಫಲಕ್ಕಿಂತ ಗಟ್ಟಿಯಾದ ಅಭ್ಯಾಸ ಬೆಳೆಸುತ್ತದೆ ಎಂಬ ಅಧ್ಯಯನ ಅಲ್ಲಿಂದ ಬೆಳೆಯಿತು. ಲಾಟರಿ ಅಂಗಡಿಯೂ, ಹತ್ತು ಸಲ ‘ಇಲ್ಲ’ ಎಂದು ಹನ್ನೊಂದನೆಯ ಸಲ ಮಗುವಿಗೆ ಮೊಬೈಲು ಕೊಡುವ ನಾವೂ ಇದೇ ನಿಯಮದ ಮೇಲೆ ನಿಂತಿದ್ದೇವೆ.

ಉಳಿದ ತತ್ವಗಳೂ ಇಷ್ಟೇ ಸರಳ. ಫಲ ನಿಂತರೆ ವರ್ತನೆ ನಂದುತ್ತದೆ, ಆದರೆ ಆರುವ ದೀಪದ ಹಾಗೆ ನಂದುವ ಮುನ್ನ ಒಮ್ಮೆ ಜೋರಾಗಿ ಉರಿಯುತ್ತದೆ. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆದು, ಹತ್ತಿದ ಪ್ರತಿ ಮೆಟ್ಟಿಲಿಗೂ ಫಲ ಕೊಡುತ್ತಾ ಹೋದರೆ ಎಷ್ಟೋ ಅಸಾಧ್ಯಗಳು ಸಾಧ್ಯವಾಗುತ್ತವೆ. ಪೀಡೆ ತೊಲಗುವುದೂ ಒಂದು ಫಲವೇ. ಅಳುವ ಮಗುವಿಗೆ ಬಿಸ್ಕತ್ತು ಕೊಟ್ಟ ತಾಯಿಗೆ ಅಳು ನಿಂತ ನೆಮ್ಮದಿಯೇ ಬಹುಮಾನ. ನಾಳೆ ಅವಳು ಇನ್ನೂ ಬೇಗ ಬಿಸ್ಕತ್ತು ಕೊಡುತ್ತಾಳೆ. ಮಗು ತಾಯಿಯಿಂದ ಕಲಿತಷ್ಟೇ ತಾಯಿಯೂ ಮಗುವಿನಿಂದ ಕಲಿತಿರುತ್ತಾಳೆ. ಈ ಕೊನೆಯ ಮಾತು ನಮ್ಮ ಬಿ.ಎಡ್. ನೋಟ್ಸಿನಲ್ಲಿ ಇರಲಿಲ್ಲ.

*

ಇಲಿ, ಪಾರಿವಾಳಗಳ ಈ ವಿದ್ಯೆ ಮನುಷ್ಯರ ಬಳಿಗೆ ಬಂದದ್ದು ನಾವು ಕಲ್ಪಿಸಿಕೊಳ್ಳುವಂತೆ ಶಾಲೆಯ ಮೂಲಕವಲ್ಲ, ಯಾರೂ ಕೇಳುವವರಿಲ್ಲದವರ ಮೂಲಕ. 1949ರಲ್ಲಿ ಪಾಲ್ ಫುಲ್ಲರ್ ಎಂಬಾತ ಒಂದು ಪುಟ್ಟ ವರದಿ ಪ್ರಕಟಿಸಿದ. ಹದಿನೆಂಟು ವರ್ಷದ ಒಬ್ಬ ತರುಣ, ಹುಟ್ಟಿದಂದಿನಿಂದ ಮಲಗಿದಲ್ಲೇ ಇದ್ದವನು. ಅವನು ಏನನ್ನೂ ಕಲಿಯಲಾರ ಎಂದು ವೈದ್ಯರು ಕೈಬಿಟ್ಟಿದ್ದರು. ಅವನ ಬಲಗೈ ಸ್ವಲ್ಪ ಅಲುಗಿದಾಗಲೆಲ್ಲ ಬಾಯಿಗೆ ಬೆಚ್ಚಗಿನ ಸಕ್ಕರೆ ಹಾಲು ಬಿಟ್ಟರು. ಕೆಲವೇ ಪಾಠಗಳಲ್ಲಿ ಅವನು ಕೈಯನ್ನು ನೆಟ್ಟಗೆ ಮೇಲೆತ್ತಲು ಕಲಿತ. ಆ ವರದಿಯ ಶೀರ್ಷಿಕೆಯಲ್ಲಿ ಅವನನ್ನು ಮನುಷ್ಯ ಎಂದು ಸರಿಯಾಗಿ ಕರೆದೂ ಇಲ್ಲ, ಗಿಡದಂಥ ಜೀವಿ ಎಂಬರ್ಥದ ಪದ ಬಳಸಿದ್ದಾರೆ. ಕಲಿಯಲಾರ ಎಂಬ ತೀರ್ಪನ್ನು ಸುಳ್ಳು ಮಾಡಿದ ಬರಹವೇ ಅವನಿಗೆ ಆ ಹೆಸರಿಟ್ಟಿತು. ಈ ವಿದ್ಯೆಯ ಚರಿತ್ರೆಯಲ್ಲಿ ಇವೆರಡೂ ಕೊನೆಯವರೆಗೆ ಜೊತೆಜೊತೆಯಾಗಿಯೇ ಬರುತ್ತವೆ.

ಇನ್ನು ವೇಬರ್ನ್. ಐವತ್ತರ ದಶಕದಲ್ಲಿ ಆ ಆಸ್ಪತ್ರೆ ಪ್ರಯೋಗಗಳ ತಾಣವಾಗಿತ್ತು. ‘ಸೈಕಿಡೆಲಿಕ್’ ಎಂಬ ಪದವನ್ನು ಹುಟ್ಟುಹಾಕಿದ ಹಂಫ್ರಿ ಆಸ್ಮಂಡ್ ಎಂಬ ವೈದ್ಯ ಅಲ್ಲೇ ಕೆಲಸ ಮಾಡುತ್ತಿದ್ದವನು. ಅಲ್ಲಿಗೆ ಬೊಲಿವಿಯಾ ಮೂಲದ ಟಿಯೊಡೊರೊ ಐಲೋನ್ ಎಂಬ ಯುವ ಮನೋವಿಜ್ಞಾನಿ ಬಂದ. ತನ್ನ ಗುರು ಜ್ಯಾಕ್ ಮೈಕೆಲ್ ಜೊತೆ ಸೇರಿ ಅವನು 1959ರಲ್ಲಿ ಪ್ರಕಟಿಸಿದ ಪ್ರಬಂಧದ ನಾಯಕಿಯರು ರೋಗಿಗಳಲ್ಲ, ನರ್ಸುಗಳು.

ವಾರ್ಡಿನಲ್ಲಿ ಒಬ್ಬ ಹೆಂಗಸಿದ್ದಳು. ಎರಡು ವರ್ಷದಿಂದ ದಿನಕ್ಕೆ ಸರಾಸರಿ 16 ಸಲ ನರ್ಸುಗಳ ಕೋಣೆಗೆ ನುಗ್ಗುತ್ತಿದ್ದಳು. ಬಂದಾಗಲೆಲ್ಲ ಕೈಹಿಡಿದೋ, ಹಿಂದಿನಿಂದ ತಳ್ಳಿಯೋ ಅವಳನ್ನು ಹೊರಗೆ ಕಳಿಸುತ್ತಿದ್ದರು. ಬುದ್ಧಿ ಮಂದ, ಹೇಳಿದರೆ ತಿಳಿಯುವುದಿಲ್ಲ ಎಂಬುದು ಎಲ್ಲರ ಅಭಿಪ್ರಾಯ. ಐಲೋನ್ ಹೇಳಿದ್ದು ಒಂದೇ ಮಾತು: ಬಂದರೆ ಬರಲಿ, ಗಮನ ಕೊಡಬೇಡಿ. ಎಂಟು ವಾರ ಮುಗಿಯುವಷ್ಟರಲ್ಲಿ 16 ಸಲದ ಭೇಟಿ ಎರಡಕ್ಕೆ ಇಳಿಯಿತು. ಎರಡು ವರ್ಷ ಆ ವರ್ತನೆಗೆ ನೀರೆರೆದದ್ದು ರೋಗವಲ್ಲ, ಅದನ್ನು ತಡೆಯುತ್ತೇವೆಂದುಕೊಂಡ ಕೈಗಳೇ. ಇಡೀ ದಿನ ಯಾರೂ ಮಾತಾಡಿಸದ ವಾರ್ಡಿನಲ್ಲಿ, ಹೊರದೂಡುವ ಕೈಯೂ ಒಂದು ಸ್ಪರ್ಶವೇ ತಾನೆ?

1963ರಲ್ಲಿ ಐಲೋನ್ ಬರೆದ ಇನ್ನೊಂದು ಪ್ರಕರಣ ಹೆಚ್ಚು ಪ್ರಸಿದ್ಧ. 47 ವರ್ಷದ ಒಬ್ಬ ಮಹಿಳೆ, ಒಂಬತ್ತು ವರ್ಷದಿಂದ ಅದೇ ಆಸ್ಪತ್ರೆಯಲ್ಲಿದ್ದವಳು, ಟವೆಲ್ಲುಗಳನ್ನು ಕೂಡಿಡುತ್ತಿದ್ದಳು. ನರ್ಸುಗಳು ಎಷ್ಟು ಸಲ ತೆಗೆದುಕೊಂಡು ಹೋದರೂ ಕೋಣೆಯಲ್ಲಿ ಇಪ್ಪತ್ತು, ಮೂವತ್ತು ಟವೆಲ್ಲು ಇರುತ್ತಿದ್ದವು. ಈಗ ಅವರು ಉಲ್ಟಾ ಮಾಡಿದರು. ತೆಗೆಯುವುದನ್ನು ಬಿಟ್ಟು, ತಾವೇ ತಂದು ಕೊಡತೊಡಗಿದರು. ಮೊದಲು ದಿನಕ್ಕೆ ಏಳು, ಮೂರನೆಯ ವಾರದ ಹೊತ್ತಿಗೆ ದಿನಕ್ಕೆ ಅರವತ್ತು. ಮೊದಮೊದಲು ಅವಳು ಖುಷಿಯಾಗಿ ಮಡಿಸಿ ಜೋಡಿಸಿಟ್ಟಳು. ಕೋಣೆಯಲ್ಲಿ 625 ಟವೆಲ್ಲು ತುಂಬಿದಾಗ ತಾನೇ ಒಂದೊಂದಾಗಿ ಹೊರಗೆ ಹಾಕಲು ಶುರು ಮಾಡಿದಳು. ನರ್ಸುಗಳನ್ನು ಕರೆದು ಇವನ್ನು ತೆಗೆದುಕೊಂಡು ಹೋಗಿ ಎಂದು ಗೋಗರೆದಳು. ಮುಂದಿನ ಒಂದು ವರ್ಷ ಅವಳ ಕೋಣೆಯಲ್ಲಿ ಒಂದೆರಡಕ್ಕಿಂತ ಹೆಚ್ಚು ಟವೆಲ್ಲು ಇರಲಿಲ್ಲ.

ಇದೇ ಐಲೋನ್ ತನ್ನ ಸಹೋದ್ಯೋಗಿಗಳೊಡನೆ ಒಂದು ಕಿಡಿಗೇಡಿ ಪ್ರಯೋಗವನ್ನೂ ಮಾಡಿದ. ಸದಾ ಮಲಗಿರುತ್ತಿದ್ದ ಒಬ್ಬ ರೋಗಿಗೆ, ಪೊರಕೆ ಹಿಡಿದು ನಿಂತಾಗಲೆಲ್ಲ ಸಿಗರೇಟು ಕೊಟ್ಟರು. ಅವಳು ಪೊರಕೆಯನ್ನು ಕೈಬಿಡದ ಹಾಗಾದಳು. ಆಮೇಲೆ, ಸಿಗರೇಟಿನ ಸುದ್ದಿ ಗೊತ್ತಿಲ್ಲದ ಮನೋವೈದ್ಯರಿಂದ ಪರೀಕ್ಷೆ ಮಾಡಿಸಿದರು. ಆ ಪೊರಕೆ ಅವಳ ಪಾಲಿಗೆ ಮಗು ಇರಬಹುದು, ರಾಣಿಯ ರಾಜದಂಡ ಇರಬಹುದು ಎಂದೆಲ್ಲ ಗಂಭೀರವಾದ ವಿವರಣೆ ಬಂತು. 1965ರಲ್ಲಿ ಪ್ರಕಟವಾದ ಆ ಪ್ರಬಂಧ ಓದುವಾಗ ನಗು ತಡೆಯಲಾಗಲಿಲ್ಲ. ಆಟಿಸಂಗೆ ತಾಯಿಯ ಪ್ರೀತಿಯಿಲ್ಲದ ಶೀತಲ ಸ್ವಭಾವವೇ ಕಾರಣವೆಂದು ದೊಡ್ಡ ದೊಡ್ಡವರು ಹೇಳುತ್ತಿದ್ದ ಕಾಲ ಅದು. ಮನಸ್ಸಿನ ಆಳದ ಕತೆ ಕಟ್ಟುವ ಮೊದಲು ಎದುರಿಗೆ ನಡೆಯುತ್ತಿರುವುದನ್ನು ನೋಡಿ ಎಂದು ಹೇಳಿದ ಈ ಜನಕ್ಕೆ ತಾಯಂದಿರು ಋಣಿಯಾಗಿರಬೇಕು.

ಆದರೆ ನಗು ಮುಗಿದ ಮೇಲೆ ಆ ಪ್ರಬಂಧಗಳಲ್ಲಿ ಬೇರೆಯದೂ ಕಾಣಿಸುತ್ತದೆ. ತಾನೇ ಉಣ್ಣಲು ಒಪ್ಪದ ಒಬ್ಬಾಕೆಗೆ ಬಟ್ಟೆ ಶುಭ್ರವಾಗಿರಬೇಕೆಂಬ ಆಸೆ ಇತ್ತು. ಆದ್ದರಿಂದ ನರ್ಸು ತುತ್ತು ತಿನ್ನಿಸುವಾಗ ಬೇಕೆಂದೇ ಬಟ್ಟೆಯ ಮೇಲೆ ಚೆಲ್ಲುತ್ತಿದ್ದಳು. ಬೇಸತ್ತು ಅವಳು ತಾನೇ ಉಂಡಳು, ತೂಕವೂ ಹೆಚ್ಚಿತು. ಟವೆಲ್ಲಿನ ಮಹಿಳೆಗೆ ಮೈಮೇಲೆ ಹತ್ತಾರು ಉಡುಪು ಹೇರಿಕೊಳ್ಳುವ ಅಭ್ಯಾಸವಿತ್ತು. ಊಟದ ಕೋಣೆಯ ಬಾಗಿಲಲ್ಲಿ ತಕ್ಕಡಿ ಇಟ್ಟರು. ನಿಗದಿತ ತೂಕಕ್ಕಿಂತ ಬಟ್ಟೆಯ ಭಾರ ಹೆಚ್ಚಿದ್ದರೆ ಆ ಹೊತ್ತಿನ ಊಟವಿಲ್ಲ. ಫಲಿತಾಂಶ ಚೆನ್ನಾಗಿಯೇ ಬಂತು: 25 ಪೌಂಡಿನ ಬಟ್ಟೆ 3 ಪೌಂಡಿಗೆ ಇಳಿಯಿತು. ಆ ಹೆಂಗಸನ್ನು ಮಾತ್ರ ಯಾರೂ ‘ನಿಮಗೆ ಇದು ಒಪ್ಪಿಗೆಯೇ’ ಎಂದು ಕೇಳಿದಂತೆ ಕಾಣುವುದಿಲ್ಲ. ಅವಳು ತನ್ನಿಷ್ಟದಂತೆ ‘ಸಾಕು’ ಎಂದದ್ದು, ಅದನ್ನು ಜನ ಕೇಳಿಸಿಕೊಂಡದ್ದು ಟವೆಲ್ಲಿನ ವಿಷಯದಲ್ಲಿ ಮಾತ್ರ. ಅದೂ 625 ಆದಮೇಲೆ.

*

ಇದೇ ಹೊತ್ತಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಕ್ಕಳೊಂದಿಗೆ ಕೆಲಸ ಶುರುವಾಗಿತ್ತು. ಅಲ್ಲೊಬ್ಬ ಮೂರೂವರೆ ವರ್ಷದ ಹುಡುಗ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಮಸೂರಗಳನ್ನು ತೆಗೆದಿದ್ದರು. ಕನ್ನಡಕ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ದೃಷ್ಟಿ ಶಾಶ್ವತವಾಗಿ ಹೋಗುತ್ತಿತ್ತು. ಮುಟ್ಟಲು ಹೋದರೆ ಅವನು ತಲೆ ಚಚ್ಚಿಕೊಂಡು ರಂಪ ಮಾಡುತ್ತಿದ್ದ. ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲೆ, ಹೇಡನ್ ಮೀಸ್ ಎಂಬ ಮೂವರು ಗಾಜಿಲ್ಲದ ಬರೀ ಫ್ರೇಮುಗಳನ್ನು ಕೋಣೆಯ ತುಂಬ ಇಟ್ಟರು. ಮುಟ್ಟಿದರೆ ಬಹುಮಾನ, ಎತ್ತಿದರೆ ಬಹುಮಾನ, ಕಣ್ಣಿನ ಹತ್ತಿರ ತಂದರೆ ಬಹುಮಾನ. ಮಿಠಾಯಿ, ಹಣ್ಣು ಸಾಲದೆ ಬಂದಾಗ ಬೆಳಗಿನ ತಿಂಡಿಯನ್ನೇ ತುತ್ತು ತುತ್ತಾಗಿ ಬಹುಮಾನ ಮಾಡಿದರು. ಕೊನೆಗೆ ಹುಡುಗ ದಿನಕ್ಕೆ ಹನ್ನೆರಡು ಗಂಟೆ ಕನ್ನಡಕ ಹಾಕಿದ. ಕಣ್ಣು ಉಳಿಯಿತು. 1964ರಲ್ಲಿ ಬಂದ ಈ ವರದಿಯನ್ನು ಓದಿದಾಗ, ಇದನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ತಿಂಡಿಯ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಅದೇ ವರ್ಷ ಅಲ್ಲಿನ ವಿಶ್ವವಿದ್ಯಾಲಯದ ಶಿಶುವಿಹಾರದಿಂದ ಬಂದ ಇನ್ನೊಂದು ವರದಿ ಶಿಕ್ಷಕಿಯಾಗಿದ್ದ ನನಗೆ ಹೆಚ್ಚು ಹತ್ತಿರದ್ದು. ಚೆನ್ನಾಗಿ ನಡೆಯಬಲ್ಲ ಮೂರು ವರ್ಷದ ಹುಡುಗಿ ಶಾಲೆಗೆ ಬಂದ ಮೇಲೆ ತೆವಳತೊಡಗಿದಳು. ಟೀಚರುಗಳು ಸಹಜವಾಗಿಯೇ ಪಕ್ಕ ಕುಳಿತು ಸಮಾಧಾನ ಮಾಡುತ್ತಿದ್ದರು. ಆಮೇಲೆ ಯೋಜನೆ ಬದಲಾಯಿತು. ತೆವಳಿದಾಗ ಸುಮ್ಮನಿದ್ದು, ಎದ್ದು ನಿಂತಾಗ ಮಾತಾಡಿಸಿ ಎಂದರು. ಹುಡುಗಿ ಎದ್ದು ಓಡಾಡಿದಳು. ಇದು ಟೀಚರ ಗಮನದಿಂದಲೇ ಆದದ್ದೇ, ಕಾಕತಾಳೀಯವೇ? ಖಾತ್ರಿ ಮಾಡಿಕೊಳ್ಳಲು ಕ್ರಮವನ್ನು ತಿರುಗಿಸಿದರು. ತೆವಳಿದಾಗ ಗಮನ ಕೊಟ್ಟರು, ಮತ್ತೆ ತೆವಳಿದಳು. ಪುನಃ ಬದಲಿಸಿದರು, ಮತ್ತೆ ಎದ್ದಳು. ನೂರಾರು ಮಕ್ಕಳ ಸರಾಸರಿ ತೆಗೆಯದೆ ಒಂದೇ ಮಗುವಿನಲ್ಲಿ ಕಾರಣವನ್ನು ಹಿಡಿದು ತೋರಿಸುವ ಈ ಕ್ರಮವೇ ‘ವಿಶ್ಲೇಷಣೆ’ ಎಂಬ ಪದದ ಅರ್ಥ.

ಈ ತಂಡದವರೇ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಸೇರಿದರು. 1968ರಲ್ಲಿ ವುಲ್ಫ್ ಸಂಪಾದಕನಾಗಿ ಆನ್ವಯಿಕ ವರ್ತನಾ ವಿಶ್ಲೇಷಣೆಯ ಪತ್ರಿಕೆ ಶುರುವಾಯಿತು. ಮೊದಲ ಸಂಚಿಕೆಯಲ್ಲೇ ಬೇರ್, ವುಲ್ಫ್, ರಿಸ್ಲೆ ಮೂವರೂ ಈ ವಿದ್ಯೆಗೆ ಏಳು ಲಕ್ಷಣಗಳನ್ನು ಬರೆದರು. ಆಯ್ದುಕೊಂಡ ವರ್ತನೆ ಬದುಕಿಗೆ ಬೇಕಾದದ್ದಾಗಿರಬೇಕು. ಅದು ಕಣ್ಣಿಗೆ ಕಾಣುವ, ಎಣಿಸಬಹುದಾದ ವರ್ತನೆಯಾಗಿರಬೇಕು. ಬದಲಾವಣೆಗೆ ಕಾರಣವನ್ನು ತೋರಿಸಬೇಕು. ಬೇರೆಯವರು ಓದಿ ಮಾಡುವಷ್ಟು ವಿವರವಾಗಿ ವಿಧಾನವನ್ನು ಬರೆಯಬೇಕು. ಅದು ಮೂಲ ತತ್ವಗಳಿಗೆ ಹೊಂದಬೇಕು. ಫಲ ಅಂಕಿಸಂಖ್ಯೆಯಲ್ಲಷ್ಟೇ ಅಲ್ಲದೆ ಜೀವನದಲ್ಲಿ ಕಾಣಬೇಕು. ಆ ಫಲ ಬೇರೆ ಜಾಗ, ಬೇರೆ ಕಾಲಕ್ಕೂ ಹರಡಬೇಕು. ಇಂದಿಗೂ ಈ ವಿದ್ಯೆ ಕಲಿಯುವವರು ಮೊದಲು ಓದುವುದು ಇದನ್ನೇ.

ಮೊದಲನೆಯ ಲಕ್ಷಣದಲ್ಲೇ ಮುಳ್ಳು ಅಡಗಿದೆ. ಬದುಕಿಗೆ ಬೇಕಾದದ್ದು ಎಂದು ಹೇಳುವವರು ಯಾರು? ವುಲ್ಫನಿಗೂ ಇದು ಹೊಳೆಯಿತು. ಹತ್ತು ವರ್ಷದ ಮೇಲೆ, 1978ರಲ್ಲಿ, ಈ ವಿದ್ಯೆ ತನ್ನ ಹೃದಯವನ್ನು ಕಂಡುಕೊಳ್ಳುತ್ತಿದೆ ಎಂಬರ್ಥದ ಶೀರ್ಷಿಕೆಯಲ್ಲಿ ಒಂದು ಲೇಖನ ಬರೆದ. ಗುರಿ ಸರಿಯೇ, ವಿಧಾನ ಒಪ್ಪಿಗೆಯೇ, ಫಲ ತೃಪ್ತಿ ತಂದಿದೆಯೇ ಎಂದು ಸಂಬಂಧಪಟ್ಟವರನ್ನೇ ಕೇಳಬೇಕು ಎಂದ. ಎಣಿಕೆಯನ್ನೇ ನಂಬಿದ್ದ ಜನಕ್ಕೆ, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಕೇಳಿ ಎಂದು ಅವರದೇ ಹಿರಿಯ ಹೇಳಿದ.

*

ಆ ಮಾತು ಎಲ್ಲರಿಗೂ ಕೇಳಿಸಲಿಲ್ಲ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಾರ್ವೆ ಮೂಲದ ಐವಾರ್ ಲೋವಾಸ್ ಆಟಿಸಂ ಇರುವ ಮಕ್ಕಳಿಗೆ ಮಾತು ಕಲಿಸುತ್ತಿದ್ದ. ಮಕ್ಕಳನ್ನು ಸಂಸ್ಥೆಗಳಲ್ಲಿ ಕಟ್ಟಿಹಾಕಿ ಬಿಟ್ಟುಬಿಡುತ್ತಿದ್ದ ಕಾಲದಲ್ಲಿ, ಇವರು ಕಲಿಯಬಲ್ಲರು ಎಂದು ಹಟ ಹಿಡಿದವನು ಅವನು. ಆದರೆ 1965ರಲ್ಲಿ ‘ಲೈಫ್’ ಪತ್ರಿಕೆ ಪ್ರಕಟಿಸಿದ ಚಿತ್ರಗಳಲ್ಲಿ ಅಪ್ಪುಗೆಯ ಜೊತೆಗೆ ಗದರಿಕೆಯಿತ್ತು, ಏಟಿತ್ತು, ವಿದ್ಯುತ್ ಆಘಾತ ಕೊಡುವ ನೆಲವಿತ್ತು. ಶಿಕ್ಷೆಯನ್ನು ಸ್ಕಿನ್ನರ್ ಒಪ್ಪುತ್ತಿರಲಿಲ್ಲ. ಅವನ ಹೆಸರು ಹೇಳುವವರು ಎಷ್ಟೋ ಜನ ಒಪ್ಪಿದರು.

1987ರಲ್ಲಿ ಲೋವಾಸ್ ಪ್ರಕಟಿಸಿದ ಅಧ್ಯಯನ ನನ್ನಂಥ ತಾಯಂದಿರ ಹಣೆಬರಹ ಬರೆಯಿತು. 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆಯಂತೆ ಎರಡು ವರ್ಷಕ್ಕೂ ಮೇಲ್ಪಟ್ಟು ಒಬ್ಬೊಬ್ಬರಿಗೇ ಪಾಠ. ಅವರಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಉಳಿದವರಂತೆ ಕಲಿಯುವ ಮಟ್ಟಕ್ಕೆ ಬಂದರು ಎಂದು ಅವನು ಬರೆದ. ಶೇಕಡ 47! ಆ ಅಂಕಿ ಮಂತ್ರವಾಯಿತು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಜೋರಾಗಿ ‘ಇಲ್ಲ’ ಎಂದು ಗದರುವುದು, ಕೆಲವೊಮ್ಮೆ ತೊಡೆಗೆ ಏಟು ಕೊಡುವುದು ಕೂಡ ವಿಧಾನದ ಭಾಗವಾಗಿತ್ತು ಎಂಬ ಸಂಗತಿಗಳು ಮಂತ್ರದ ಜೊತೆ ಪ್ರಯಾಣ ಮಾಡಲಿಲ್ಲ. 2018ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ ತೀವ್ರ ಚಿಕಿತ್ಸೆಯ ಅಧ್ಯಯನಗಳನ್ನು ಪರಿಶೀಲಿಸಿ, ಕೆಲವು ಮಕ್ಕಳಿಗೆ ಪ್ರಯೋಜನವಿದೆ ಎನ್ನಲು ಪುರಾವೆ ಇದೆ, ಆದರೆ ದುರ್ಬಲ ಎಂದಿತು.

ನಮ್ಮ ಮನೆಗೆ ಆ ಮಂತ್ರ ಬಂದದ್ದು 2012ರಲ್ಲಿ, ಮಗನಿಗೆ ಮೂರು ವರ್ಷ. ನಾವು ಸೇರಿಸಿದ ಕೇಂದ್ರದಲ್ಲಿ ಕೊಟ್ಟ ದಪ್ಪ ಬೈಂಡರಿನ ಮೊದಲ ಗುರಿ: ಹೆಸರು ಕರೆದಾಗ ಐದು ಸೆಕೆಂಡು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ನೋಡಿದರೆ ಒಂದು ಚಾಕೊಲೇಟ್ ಗುಂಡು. ನನಗೆ ಒಳಗೊಳಗೇ ನಗು ಬಂತು. ನಾವು ಚಿಕ್ಕವರಿದ್ದಾಗ ಅಪ್ಪ ಬಯ್ಯುವಾಗ ನೆಟ್ಟಗೆ ಕಣ್ಣು ನೋಡಿದರೆ, ‘ಏನೇ, ದುರುಗುಟ್ಕೊಂಡು ನೋಡ್ತೀಯಾ?’ ಎಂದು ಇನ್ನೊಂದು ಬಯ್ಗುಳ ಬೀಳುತ್ತಿತ್ತು. ಎರಡನೆಯ ಸಲಹೆಗೆ ನಗು ಬರಲಿಲ್ಲ. ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಎಂದರು. ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿಯಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಒಂದೂವರೆ ವರ್ಷ ನಾನು ನನ್ನ ಮಗನೊಂದಿಗೆ ಕನ್ನಡ ಮಾತಾಡಲಿಲ್ಲ. ಲಾಲಿ ಹಾಡುವುದನ್ನೂ ಬಿಟ್ಟೆ. ಊರಿನಿಂದ ಅಮ್ಮ ವೀಡಿಯೊದಲ್ಲಿ ಅವನ ಪಾಠ ನೋಡಿ, ‘ಮಗೂನ ನಾಯಿ ಥರ ಪಳಗಿಸ್ತಾ ಇದೀರೇನೇ?’ ಎಂದಳು. ‘ನಿನಗೆ ಗೊತ್ತಾಗಲ್ಲ ಸುಮ್ನಿರಮ್ಮ’ ಎಂದುಬಿಟ್ಟೆ. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ನೋವಿದೆ.

*

ಈ ವಿದ್ಯೆಯನ್ನು ತಿದ್ದಿದ ಕೈಗಳಲ್ಲಿ ಕೆಲವು ಒಳಗಿನವು, ಕೆಲವು ಹೊರಗಿನವು.

ಒಳಗಿನಿಂದ ತಿದ್ದಿದವರಲ್ಲಿ ಬ್ರಯನ್ ಇವಾಟಾ ಮುಖ್ಯ. 1982ರಲ್ಲಿ ಬಾಲ್ಟಿಮೋರಿನಲ್ಲಿ ಅವನ ತಂಡ, ತಮ್ಮನ್ನು ತಾವೇ ಹೊಡೆದುಕೊಳ್ಳುವ, ಕಚ್ಚಿಕೊಳ್ಳುವ ಒಂಬತ್ತು ಮಕ್ಕಳನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಗಮನಿಸಿತು. ಒಂದರಲ್ಲಿ ಹೊಡೆದುಕೊಂಡರೆ ಯಾರಾದರೂ ಬಂದು ಕಾಳಜಿ ತೋರಿಸುತ್ತಾರೆ. ಇನ್ನೊಂದರಲ್ಲಿ ಕಷ್ಟದ ಪಾಠ ನಿಲ್ಲುತ್ತದೆ. ಮತ್ತೊಂದರಲ್ಲಿ ಮಗು ಒಂಟಿ. ಮಗದೊಂದರಲ್ಲಿ ಬರೀ ಆಟ. ಒಂದೊಂದು ಮಗುವಿಗೆ ಒಂದೊಂದು ಸನ್ನಿವೇಶದಲ್ಲಿ ಆ ವರ್ತನೆ ಹೆಚ್ಚಿತು. ಹೊರಗಿನಿಂದ ಒಂದೇ ಥರ ಕಾಣುವ ವರ್ತನೆಗೆ ಕಾರಣಗಳು ಬೇರೆ ಬೇರೆ. ಕಾರಣ ತಿಳಿಯದೆ ಶಿಕ್ಷಿಸುವುದು ಜ್ವರ ಯಾಕೆಂದು ನೋಡದೆ ಥರ್ಮಾಮೀಟರು ಒಡೆದ ಹಾಗೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಮುಂದಿನ ಹೆಜ್ಜೆ ಇಟ್ಟರು. ಪಾಠ ಕಷ್ಟವಾಗಿ ರಂಪ ಮಾಡುವ ಮಗುವಿಗೆ ನನಗೆ ಅರ್ಥವಾಗಲಿಲ್ಲ ಎನ್ನಲು ಕಲಿಸಿದರು. ಗಮನ ಬೇಕಾದ ಮಗುವಿಗೆ ನಾನು ಚೆನ್ನಾಗಿ ಮಾಡುತ್ತಿದ್ದೇನೆಯೇ ಎಂದು ಕೇಳಲು ಕಲಿಸಿದರು. ಮಾತು ಬಂದದ್ದೇ ರಂಪ ಇಳಿಯಿತು. ಅಂದರೆ ರಂಪವೂ ಒಂದು ಮಾತೇ ಆಗಿತ್ತು.

ಹೊರಗಿನಿಂದ ತಿದ್ದಿದವರು ಸ್ವತಃ ಆಟಿಸಂ ಇರುವವರು. 1993ರಲ್ಲಿ ಜಿಮ್ ಸಿಂಕ್ಲೇರ್ ಹೆತ್ತವರನ್ನು ಉದ್ದೇಶಿಸಿ, ನಮಗಾಗಿ ಶೋಕಿಸಬೇಡಿ ಎಂದು ಬರೆದರು. ಕೆನಡಾದ ಮಿಶೆಲ್ ಡಾಸನ್ 2004ರಲ್ಲಿ ಈ ವಿದ್ಯೆಯ ನೈತಿಕತೆಯನ್ನೇ ಪ್ರಶ್ನಿಸಿ ದೀರ್ಘ ಪ್ರಬಂಧ ಬರೆದರು. ಬ್ರಿಟಿಷ್ ಕೊಲಂಬಿಯಾದ ಹೆತ್ತವರು ಈ ಚಿಕಿತ್ಸೆಗೆ ಸರ್ಕಾರ ಹಣ ಕೊಡಬೇಕೆಂದು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ ಅವರು ಅಲ್ಲಿಯೂ ತಮ್ಮ ಮಾತು ಹೇಳಿದರು. ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದಿದ್ದ ಹೆತ್ತವರು 2004ರ ನವೆಂಬರಿನಲ್ಲಿ ಅಲ್ಲಿ ಸೋತರು. ಈ ಹಣವನ್ನು ಸಂವಿಧಾನದ ಹಕ್ಕಾಗಿ ಕೇಳಲಾಗದು, ಕೊಡುವುದು ಬಿಡುವುದು ಶಾಸನಸಭೆಗಳಿಗೆ ಬಿಟ್ಟದ್ದು ಎಂದಿತು ನ್ಯಾಯಾಲಯ. ಹಣಕ್ಕಾಗಿ ಹೋರಾಡಿದ ತಾಯಂದಿರ ಕಷ್ಟ ನನಗೆ ಗೊತ್ತು. ಆದರೂ ಡಾಸನ್ ಎತ್ತಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ: ಯಾರ ಬಗ್ಗೆ ಇಷ್ಟೆಲ್ಲ ವಾದ ನಡೆಯುತ್ತಿದೆಯೋ ಅವರನ್ನು ಯಾರಾದರೂ ಕೇಳಿದ್ದಾರೆಯೇ?

*

ನಮ್ಮ ಮಗ ಐದನೆಯ ವರ್ಷದಲ್ಲಿ ಕೈ ಕಚ್ಚಿಕೊಳ್ಳತೊಡಗಿದ. ರಕ್ತ ಬರುವಷ್ಟು. ಅಷ್ಟರಲ್ಲಿ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಒಬ್ಬ ಯುವತಿ, ಈ ವಿದ್ಯೆಯನ್ನೇ ಓದಿ ಬಂದವಳು, ನನಗೊಂದು ನೋಟ್‌ಬುಕ್ ಕೊಟ್ಟಳು. ಮೂರು ಕಂಬ: ಮುಂಚೆ ಏನಾಯಿತು, ಏನು ಮಾಡಿದ, ಆಮೇಲೆ ಏನಾಯಿತು. ಎರಡು ವಾರ ಏನೂ ಮಾಡಬೇಡಿ, ಬರೀ ಬರೆಯಿರಿ ಎಂದಳು. ಬಿ.ಎಡ್. ಪರೀಕ್ಷೆಗೆ ಬರೆದದ್ದನ್ನು ಜೀವನದಲ್ಲಿ ಮೊದಲ ಸಲ ನಿಜವಾಗಿ ಬರೆದೆ. ಎರಡು ವಾರದ ಮೇಲೆ ಪುಟ ತಿರುಗಿಸಿದರೆ, ಬಹುಪಾಲು ಸಲ ‘ಮುಂಚೆ’ ಎಂಬಲ್ಲಿ ನಾನೇ ಇದ್ದೆ: ಇನ್ನೊಂದು ತುತ್ತು, ಇನ್ನೊಂದು ಪಾಠ, ಇನ್ನೈದು ನಿಮಿಷ. ‘ಆಮೇಲೆ’ ಎಂಬಲ್ಲಿಯೂ ನಾನೇ: ಗಾಬರಿಯಾಗಿ ತಟ್ಟೆಯನ್ನೋ ಪುಸ್ತಕವನ್ನೋ ಎತ್ತಿಕೊಂಡು ಹೋಗಿರುತ್ತಿದ್ದೆ. ವೇಬರ್ನಿನ ನರ್ಸುಗಳು ನೆನಪಾಗುವುದಕ್ಕೆ ಆಗ ನಾನಿನ್ನೂ ಅವರ ಕತೆ ಓದಿರಲಿಲ್ಲ.

ಅವನಿಗೆ ನಿಲ್ಲಿಸು ಎನ್ನಲು ಒಂದು ಪದ ಬೇಕು ಎಂದಳು ಆ ಹುಡುಗಿ. ಸುಲಭವಾದ್ದು, ಮನೆಯಲ್ಲಿ ಎಲ್ಲರೂ ಬಳಸುವಂಥದ್ದು. ನನ್ನ ಬಾಯಿಂದ ತಾನಾಗಿ ಬಂದದ್ದು ‘ಸಾಕು’. ಊಟಕ್ಕೆ ಬಡಿಸುವಾಗ ಕೈ ಅಡ್ಡ ಹಿಡಿದು ನಾವು ದಿನಕ್ಕೆ ಹತ್ತು ಸಲ ಹೇಳುವ ಪದ. ‘ಅದನ್ನೇ ಕಲಿಸೋಣ’ ಎಂದಳು. ಕೇಂದ್ರದವರೆಲ್ಲರಿಗೂ ಅದರ ಅರ್ಥ ಬರೆದು ಗೋಡೆಗೆ ಅಂಟಿಸಿದಳು. ಮೊದಲು ಕೈ ಅಡ್ಡ ತಂದರೆ ಸಾಕಿತ್ತು, ಆಮೇಲೆ ‘ಸಾ’, ಆಮೇಲೆ ಪೂರ್ತಿ ಪದ. ಅವನು ಹೇಳಿದ ತಕ್ಷಣ ನಿಲ್ಲಿಸಬೇಕು, ಪಾಠ ಅರ್ಧದಲ್ಲಿದ್ದರೂ ಸರಿ. ಆ ಷರತ್ತು ಪಾಲಿಸುವುದು ಅವನಿಗಿಂತ ನನಗೆ ಕಷ್ಟವಾಯಿತು. ಮೊದಲ ವಾರ ಎಲ್ಲದಕ್ಕೂ ‘ಸಾಕು’ ಎಂದ. ಆಮೇಲೆ, ನಿಲ್ಲಿಸಬಹುದು ಎಂದು ನಂಬಿಕೆ ಬಂದ ಮೇಲೆ, ತಾನಾಗಿಯೇ ಹೆಚ್ಚು ಹೊತ್ತು ಕುಳಿತ. ಕಚ್ಚುವುದು ಎರಡು ಮೂರು ತಿಂಗಳಲ್ಲಿ ಬಹುಮಟ್ಟಿಗೆ ನಿಂತಿತು. ನಾನು ಮತ್ತೆ ಅವನೊಂದಿಗೆ ಕನ್ನಡ ಮಾತಾಡತೊಡಗಿದೆ. ಈಗಲೂ ಅವನ ಮಾತು ಕಡಮೆ, ಇರುವ ಮಾತಿನಲ್ಲಿ ಎರಡೂ ಭಾಷೆ ಇದೆ.

ಇದನ್ನೆಲ್ಲ ಹೇಳಿದ್ದು ಎ.ಬಿ.ಎ. ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲು ಅಲ್ಲ. ಗುರುತ್ವಾಕರ್ಷಣೆಯ ಹಾಗೆ, ಫಲದ ನಿಯಮ ನಾವು ಒಪ್ಪಿದರೂ ಬಿಟ್ಟರೂ ಕೆಲಸ ಮಾಡುತ್ತಿರುತ್ತದೆ. ಅದೇ ನಿಯಮ ಹಾಸಿಗೆ ಹಿಡಿದವನ ಕೈ ಎತ್ತಿಸಿತು, ಹುಡುಗನ ಕಣ್ಣು ಉಳಿಸಿತು, ಹಸಿದವಳ ಊಟವನ್ನೂ ಕಿತ್ತುಕೊಂಡಿತು. ಆದ್ದರಿಂದ ಫೋನು ಮಾಡಿ ಕೇಳುವ ಗೆಳತಿಯರಿಗೆ ನಾನು ಹೇಳುವುದು ಇಷ್ಟೆ. ವಾರಕ್ಕೆ ಎಷ್ಟು ಗಂಟೆ, ಶೇಕಡ ಎಷ್ಟು ಗುಣ ಎಂದು ಕೇಳುವುದಕ್ಕೆ ಮೊದಲು ಇನ್ನೊಂದು ಕೇಳಿ: ನನ್ನ ಮಗು ‘ಸಾಕು’ ಅಂದರೆ ನೀವು ಏನು ಮಾಡುತ್ತೀರಿ? ಆ ಪದವನ್ನೇ ಮೊದಲು ಕಲಿಸುವವರಾದರೆ ಧೈರ್ಯವಾಗಿ ಕಳಿಸಿ. ಆ ಪದವನ್ನು ರಂಪ ಎಂದು ಎಣಿಸಿ ಬರೆದುಕೊಳ್ಳುವವರಾದರೆ ಮನೆಗೆ ಕರೆದುಕೊಂಡು ಬನ್ನಿ.

ವೇಬರ್ನಿನಲ್ಲಿ ಆ ದಿನ ಬಹಳ ಗಾಳಿಯಿತ್ತು. ಆಸ್ಪತ್ರೆ ಇದ್ದ ಜಾಗದಲ್ಲಿ ಕಾರು ನಿಲ್ಲಿಸಿ, ಬುತ್ತಿಯ ಚಿತ್ರಾನ್ನ ಬಿಚ್ಚಿ ಇಬ್ಬರೂ ತಿಂದೆವು. ಸುತ್ತಲೂ ಎಲ್ಲಿ ವಾರ್ಡಿತ್ತೋ, ಟವೆಲ್ಲು ತುಂಬಿದ ಕೋಣೆ ಎಲ್ಲಿತ್ತೋ ಎಂದು ನಾನು ಅಂದಾಜು ಮಾಡುತ್ತಾ ನಿಂತೆ. ಮಗನಿಗೆ ಗಾಳಿಯ ಸದ್ದು ಸೇರಲಿಲ್ಲ. ಕಿವಿ ಮುಚ್ಚಿಕೊಂಡು ನನ್ನ ಕಡೆ ನೋಡದೆಯೇ ‘ಸಾಕು’ ಎಂದ. ನಾನು ಡಬ್ಬಿ ಮುಚ್ಚಿ ಕಾರು ಹತ್ತಿದೆ.